ದೊಡ್ಡಮ್ಮ ಮುಟ್ಟದ ಕಾಯಿ

ಹೋದ ವಾರ ಲೈನಿಂಗ್ ಬಟ್ಟೆ ತರೋಣ ಅಂತ ಕಾರು ತೆಗೆದು ಹೊರಟಿದ್ದೆ. ನಮ್ಮ ಬೀದಿಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ ಕೂಡಲೇ ಹಿಂದೆ ದಡದಡ ಅಂತ ಏನೋ ಉರುಳಿತು. ಗಾಡಿಗೆ ಏನೋ ಆಯಿತು ಅಂದುಕೊಂಡು ಅಲ್ಲೇ ನಿಲ್ಲಿಸಿದೆ. ಇಳಿದು ಡಿಕ್ಕಿ ತೆಗೆದರೆ ಜುಟ್ಟು ಬಿಟ್ಟು ಸುಲಿದ ಒಂದು ತೆಂಗಿನಕಾಯಿ, ಮೂಲೆಗೆ ಹೋಗಿ ಕೂತಿದೆ. ನಾನಂತೂ ಇಟ್ಟದ್ದಲ್ಲ. ಹಿಂದಿನ ದಿನ ಮೂಲೆಮನೆ ಅಜ್ಜಿಯನ್ನು ತಿಪಟೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಿದ್ದೆ. ಇಳಿಯುವಾಗ ಆಕೆ ಹಿಂದೆ ಹೋಗಿ ಏನೋ ಮಾಡುತ್ತಿದ್ದಳು, ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ.

ಬಿಸಿಲಿಗೆ ಕಾದ ಡಿಕ್ಕಿಯೊಳಗಿಂದ ಕಾಯಿನಾರಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ತೆಂಗಿನ ಸೀಮೆಯ ತುರುವೇಕೆರೆಯಲ್ಲಿ ಇದ್ದುಕೊಂಡು ಕಾಯಿನಾರಿನ ವಾಸನೆಗೆ ಯಾರಾದರೂ ನಿಂತು ಮೂಗು ಅರಳಿಸುತ್ತಾರೆಯೇ? ನಾನು ನಿಂತೆ. ರಸ್ತೆ ಮಧ್ಯೆ, ಹಿಂದೆ ಒಬ್ಬ ಬೈಕಿನವನು ಹಾರ್ನ್ ಹೊಡೆಯುತ್ತಿದ್ದರೂ ನಿಂತೇ ಇದ್ದೆ. ಈ ಕಾರು ಮೊದಲು ನಮ್ಮ ಎದುರುಮನೆ ದೊಡ್ಡಮ್ಮನದ್ದು. ಒಂದು ಕಾಲದಲ್ಲಿ ಇದರ ಡಿಕ್ಕಿಯ ತುಂಬ ಹೀಗೇ ಕಾಯಿ ಉರುಳಾಡುತ್ತಿದ್ದವು. ಆಮೇಲೆ ಒಂದೂ ಇರಲಿಲ್ಲ… ಆ ಒಂದೂ ಇಲ್ಲದ್ದರ ಕಥೆಯೇ ದೊಡ್ಡಮ್ಮನ ಕಥೆ.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ ಅಲ್ಲ. ಬೀದಿಗೆಲ್ಲ ಆಕೆ ದೊಡ್ಡಮ್ಮ, ಆಕೆಯ ಗಂಡ ದೊಡ್ಡಪ್ಪ. ನಾನು ಚಿಕ್ಕನಾಯಕನಹಳ್ಳಿಯಿಂದ ಮದುವೆಯಾಗಿ ಬಂದು ಅವರ ಎದುರುಗಡೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಹಾಕಿಕೊಂಡು ಕೂತ ಮೊದಲ ದಿನವೇ ಬಂದು, "ಒಂದು ಬ್ಲೌಸ್ ಹೊಲ್ಕೊಡೇ, ಕಂಕುಳ ಹತ್ರ ಬಿಗಿ ಮಾಡಿದ್ರೆ ವಾಪಸ್ ತಂದು ನಿನ್ ತಲೆ ಮೇಲೆ ಹಾಕ್ತೀನಿ" ಅಂದವರು. ಕುಳ್ಳು ಹೆಂಗಸು, ಗಂಟಲು ಮಾತ್ರ ಬಸ್ ಸ್ಟ್ಯಾಂಡಿನವರೆಗೂ ಕೇಳುವಂಥದ್ದು. ನನಗೂ ಬಾಯಿ ಕಡಿಮೆ ಏನಿಲ್ಲ, ಆದರೆ ದೊಡ್ಡಮ್ಮನ ಮುಂದೆ ಎಷ್ಟೋ ಸಲ ಸೂಜಿಗೆ ದಾರ ಪೋಣಿಸುವ ನೆಪ ಮಾಡಿಕೊಂಡು ಸುಮ್ಮನಾಗಿದ್ದೇನೆ.

ದಂಡಿನಶಿವರದ ಹತ್ತಿರ ಅವರದ್ದೊಂದು ತೆಂಗಿನ ತೋಟ. ದೊಡ್ಡಪ್ಪ ದಿನಾ ಬೆಳಿಗ್ಗೆ ಕಾಫಿ ಕುಡಿದು ಬೈಕ್ ಹತ್ತಿದರೆ ತೋಟದಲ್ಲಿ ಮರಗಳ ನಡುವೆ ಓಡಾಡಿಕೊಂಡು ಮಧ್ಯಾಹ್ನಕ್ಕೆ ಬರುತ್ತಿದ್ದರು. ಒಂದು ದಿನ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ತೊದಲಾಯಿತು. ಆಮೇಲೆ ಅವರು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂರಲು ಶುರು ಮಾಡಿದರು. ಊಟದ ತಟ್ಟೆ ಮುಂದಿಟ್ಟರೆ ಅದು ಹಾಗೇ ಆರುತ್ತಿತ್ತು. ತುಮಕೂರಿನ ಡಾಕ್ಟರು ಮಾತ್ರೆ ಬದಲಾಯಿಸಿದರು, ನಾಟಿ ವೈದ್ಯರು ಎಣ್ಣೆ ತಿಕ್ಕಿದರು, ಏನೂ ಹತ್ತಲಿಲ್ಲ. ದೊಡ್ಡಮ್ಮ ಒಂದು ಬಾಡಿಗೆ ಆಟೋ ಹಿಡಿದು ಅವರನ್ನು ತೋಟಕ್ಕೆ ಕರೆದುಕೊಂಡು ಹೋದರು. ಆ ದಿನ ಬಾವಿಕಟ್ಟೆಯ ಮೇಲೆ ಕೂತು ದೊಡ್ಡಪ್ಪ ಎರಡು ಮುದ್ದೆ ಉಂಡರಂತೆ.

"ತೋಟ ಕಾಣ್ದೆ ಈ ಮನ್ಷ ಬದ್ಕಲ್ಲ ಕಣೇ," ಅಂತ ನನ್ನ ಮಿಷಿನ್ ಪಕ್ಕ ಬಂದು ಕೂತು ಹೇಳಿದರು. ಅಳಲಿಲ್ಲ. "ದಿನಾ ಆಟೋಗೆ ಆಗಲ್ಲ. ಕಾರು ತಗತೀನಿ. ನಾನೇ ಕಲೀತೀನಿ."

ಐವತ್ತು ದಾಟಿದ ಹೆಂಗಸು, ಅಲ್ಲಿಯವರೆಗೆ ಸೈಕಲ್ಲೂ ಮುಟ್ಟಿದವರಲ್ಲ. ಬೀದಿ ನಕ್ಕಿತು. ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ. ಆದರೆ ಕೆಲವೇ ತಿಂಗಳಿಗೆ ದೊಡ್ಡಮ್ಮ ಸೀಟಿನ ಮೇಲೆ ಜಮಖಾನ ಮಡಿಸಿ ಹಾಕಿಕೊಂಡು, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಕ್ಲಚ್ ತುಳಿಯುತ್ತಾ ಈ ಬಿಳಿ ಕಾರನ್ನು ನಮ್ಮ ಸಂದಿಯಿಂದ ಹಿಂದಕ್ಕೆ ತೆಗೆದು ತೋರಿಸಿದರು. ದೊಡ್ಡಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಹಾರ್ನ್ ಹೊಡೆದು ಹೊರಟರು. ದೊಡ್ಡಪ್ಪನ ಮುಖ ಅರ್ಧ ಮಾತ್ರ ನಗುತ್ತಿತ್ತು. ಇನ್ನರ್ಧಕ್ಕೆ ಶಕ್ತಿ ಇರಲಿಲ್ಲ.

ಕಾರು ಸೆಕೆಂಡ್ ಹ್ಯಾಂಡು. ಇನ್ಸೂರೆನ್ಸ್ ಮಾಡಿಸಲು ಒಬ್ಬ ಏಜೆಂಟ್ ಬರುತ್ತಿದ್ದ, ನಮ್ಮೂರಿನ ಸೈಕಲ್ ಅಂಗಡಿಯವರ ಅಳಿಯ, ಒಳ್ಳೆಯವನೇ. ಆದರೆ ದೊಡ್ಡಮ್ಮನ ಕೈಗೆ ಸಿಕ್ಕಿ ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ಬೇರೆ ಮನೆಗಳಲ್ಲಿ ಸೈನ್ ಹಾಕಿಸಿಕೊಂಡು ಎದ್ದು ಹೋಗುವವನನ್ನು ಇವರು ಕಾಫಿ, ಕೋಡುಬಳೆ ಕೊಟ್ಟು ಕೂರಿಸಿ, ಆ ಇಂಗ್ಲಿಷ್ ಕಾಗದದ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸುತ್ತಿದ್ದರು. ನಾನು ಹೆಮ್ಮಿಂಗ್ ಕೆಲಸ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಸಿನಿಮಾಕ್ಕಿಂತ ಚೆನ್ನಾಗಿರುತ್ತಿತ್ತು.

ಮೊದಲ ವರ್ಷದ ಜಗಳ ಗ್ಯಾಸ್ ಕಿಟ್ಟಿನದ್ದು. ಹಳೆಯ ಮಾಲೀಕ ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದ್ದ, ಆರ್‌ಸಿ ಕಾರ್ಡಿನಲ್ಲಿ ಅದನ್ನು ಸೇರಿಸಿರಲಿಲ್ಲ. ಸೇರಿಸಿದರೆ ಪ್ರೀಮಿಯಂ ಜಾಸ್ತಿ. ಏಜೆಂಟ್, "ಪೆಟ್ರೋಲ್ ಗಾಡಿ ಅಂತ್ಲೇ ಹಾಕಣ ಬಿಡಿ ದೊಡ್ಡಮ್ಮ, ಬಗ್ಗಿ ನೋಡೋರ್ ಯಾರು?" ಅಂದ.

ದೊಡ್ಡಮ್ಮ ಯೋಚನೆಯನ್ನೂ ಮಾಡಲಿಲ್ಲ. "ಕಾಗದದಲ್ಲಿ ಇಲ್ಲ ಅಂತ ಬರೀಬೇಕಾದ್ರೆ ಗಾಡೀಲೂ ಇರ್ಬಾರ್ದು ಕಣಪ್ಪ. ನಾಳೆ ಬಿಚ್ಚಾಕ್ಸಿ, ಆಮೇಲ್ ನಿನ್ ಕರೀತೀನಿ."

ಬಿಚ್ಚಿಸಿಯೇ ಬಿಟ್ಟರು. ಪೆಟ್ರೋಲಿಗೆ ಜಾಸ್ತಿ ಹೋಗುತ್ತದೆ ಅಂತ ಬೀದಿಯವರೆಲ್ಲ ತಲೆ ಕೆಟ್ಟಿದೆ ಅಂದರು. ಬೇಡದ ಓಡಾಟ ನಿಲ್ಲಿಸಿದರೆ ಅದೂ ಸರಿಹೋಗುತ್ತೆ ಅಂತ ಇವರ ಉತ್ತರ. ಕಾಸು ಉಳಿಸುವುದರಲ್ಲಿ ದೊಡ್ಡಮ್ಮ ಯಾರಿಗೂ ಕಡಿಮೆ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪ್ರೀಮಿಯಂ ಇಳಿಸುವುದಕ್ಕೆ ಇರುವ ಪ್ರತಿಯೊಂದು ನೇರ ದಾರಿಯನ್ನೂ ಆ ಏಜೆಂಟಿನ ಬಾಯಿಯಿಂದ ಹಿಂಡಿ ತೆಗೆದಿದ್ದರು. ಗಾಡಿಗೆ ಪೆಟ್ಟಾದರೆ ಮೊದಲ ಇಷ್ಟು ಖರ್ಚು ನನ್ನದು, ಅದಕ್ಕಿಂತ ಮೇಲಾದರೆ ಮಾತ್ರ ಕಂಪನಿಯದು ಅಂತ ಬರೆಸಿದರು. ಅದಕ್ಕೊಂದಿಷ್ಟು ಇಳಿಯಿತು. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಬೋನಸ್ ಅಂತ ಕಡಿಮೆ ಮಾಡುತ್ತಾರೆ, ವರ್ಷ ವರ್ಷಕ್ಕೂ ಅದು ಏರುತ್ತದೆ ಅಂತ ಗೊತ್ತಾದ ಮೇಲಂತೂ ಕೇಳಬೇಡಿ.

"ಹಳೇ ಮಾಲೀಕಂಗೆ ಬೋನಸ್ ಇತ್ತಲ್ಲ, ಅದು ಈ ಕಾರಿಗೆ ಬರಲ್ವಾ?" ಅಂತ ಒಂದು ಸಲ ಕೇಳಿದರು.

"ಇಲ್ಲ ದೊಡ್ಡಮ್ಮ. ಬೋನಸ್ಸು ಕಾರಿಂದಲ್ಲ, ಮಾಲೀಕಂದು. ಅವ್ನು ಜೊತೇಲೇ ತಗಂಡ್ ಹೋಗ್ತಾನೆ. ನೀವು ಮೊದ್ಲಿಂದ ಗಳಿಸ್ಬೇಕು."

"ಗಳಿಸ್ತೀನಿ ಬುಡು," ಅಂದರು.

ಗಳಿಸಿದ ರೀತಿ ನೋಡಬೇಕಿತ್ತು. ನಮ್ಮ ಕಡೆ ಎಲ್ಲಿ ಹೋದರೂ ಜನ ಗಾಡಿ ನಿಲ್ಲಿಸುವುದು ತೆಂಗಿನ ಮರದ ನೆರಳಿಗೆ. ದೊಡ್ಡಮ್ಮ ಮಾತ್ರ ಬೆಂಕಿಯಂಥ ಬಿಸಿಲಿಗೆ, ಬಯಲಲ್ಲಿ ತಂದು ನಿಲ್ಲಿಸುತ್ತಿದ್ದರು. ಒಣಗಿದ ಗರಿಯೋ ಕಾಯಿಯೋ ಬಿದ್ದು ಬಾನೆಟ್ ಜಜ್ಜಿಹೋದರೆ ಕ್ಲೇಮ್ ಮಾಡಬೇಕು, ಮಾಡಿದರೆ ಬೋನಸ್ ಹೋಗುತ್ತದೆ. ನಾವು ಬಂದು ಕೂತರೆ ಸೀಟು ಕಾದ ಹೆಂಚು. "ಸುಡ್ತದೆ ದೊಡ್ಡಮ್ಮ" ಅಂದರೆ, "ಸುಡ್ಲಿ, ಬೋನಸ್ ಕಾಯ್ಸ್ಕಬೇಕಲ್ಲ" ಅನ್ನುತ್ತಿದ್ದರು. ಒಮ್ಮೆ ಯಾರದೋ ಹಸು ಕೊಂಬು ತಾಗಿಸಿ ಕನ್ನಡಿ ಮುರಿಯಿತು. ತೋಟದ ಎಳನೀರು ಮಾರಿ ಬಂದದ್ದರಲ್ಲಿ ತಾವೇ ಹಾಕಿಸಿಕೊಂಡರು. ಇನ್ಸೂರೆನ್ಸ್ ಅವಧಿ ಮುಗಿಯುವ ಮೊದಲೇ ಏಜೆಂಟಿಗೆ ಇವರೇ ಫೋನು ಮಾಡುತ್ತಿದ್ದರು.

ಕಾರು ಬಂದ ಮೇಲೆ ಬೀದಿಯ ಹೆಂಗಸರಿಗೆಲ್ಲ ಕಾಲು ಬಂದ ಹಾಗಾಯಿತು. ಅಮ್ಮಸಂದ್ರದ ಸ್ಟೇಷನ್ನಿಗೆ ಮಗಳನ್ನು ಬಿಡಬೇಕು, ತಿಪಟೂರಿನಲ್ಲಿ ಸ್ಕ್ಯಾನಿಂಗ್, ಯಾರದೋ ಮನೆಯ ಸೀಮಂತ, ಎಲ್ಲಕ್ಕೂ ದೊಡ್ಡಮ್ಮ. ದುಡ್ಡು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಆದರೆ ನಮ್ಮ ಕಡೆ ಒಬ್ಬರು ಉಪಕಾರ ಮಾಡಿದರೆ ಸುಮ್ಮನೆ ಕಳಿಸುವ ಪದ್ಧತಿ ಎಲ್ಲಿದೆ? ಕಾಯಿ ಕೊಡುತ್ತೇವೆ. ಮನೆಗೆ ಬಂದವರಿಗೆ ಅರಿಸಿನ ಕುಂಕುಮದ ಜೊತೆ ಕಾಯಿ, ಊರಿಗೆ ಹೋಗುವವರ ಚೀಲಕ್ಕೆ ಕಾಯಿ. ಹಾಗೇ ಕಾರಿಂದ ಇಳಿದವರು ಡಿಕ್ಕಿಯಲ್ಲಿ ಕಾಯಿ ಇಟ್ಟು ಹೋಗುತ್ತಿದ್ದರು. ಗ್ಯಾಸ್ ಸಿಲಿಂಡರ್ ಕಿತ್ತ ಜಾಗ ಕಾಯಿಯಿಂದ ತುಂಬಿಹೋಯಿತು. ಬರಬರುತ್ತಾ ಅದಕ್ಕೊಂದು ರೇಟೇ ಬಂದುಬಿಟ್ಟಿತು. ಅಮ್ಮಸಂದ್ರಕ್ಕೆ ಒಂದು, ತಿಪಟೂರಿಗೆ ಎರಡು, ಡಾಕ್ಟರ ಹತ್ತಿರ ಕಾಯಬೇಕಾದರೆ ಮೂರು. ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಆದದ್ದು.

ಒಂದು ವರ್ಷ ಏಜೆಂಟ್ ಎಂದಿನಂತೆ ಕೋಡುಬಳೆ ಮುರಿಯುತ್ತಾ ಕಾಗದ ಓದಿ ಹೇಳುತ್ತಿದ್ದ. ಇದು ಸ್ವಂತ ಉಪಯೋಗದ ಗಾಡಿ, ಬಾಡಿಗೆಗೆ ಆಗಲಿ, ಏನನ್ನಾದರೂ ಪಡೆದುಕೊಂಡಾಗಲಿ ಜನರನ್ನು ಕೂರಿಸಿಕೊಂಡು ಓಡಿಸಬಾರದು, ಅಂಥದ್ದು ಕಂಡುಬಂದರೆ ಕ್ಲೇಮ್ ಕೊಡುವುದಿಲ್ಲ. ಹಿಂದಿನ ವರ್ಷಗಳಲ್ಲೂ ಅವನು ಅದನ್ನೇ ಓದಿದ್ದ. ಆ ದಿನ ಮಾತ್ರ ದೊಡ್ಡಮ್ಮ, "ತಡಿ" ಅಂದರು.

"ಏನನ್ನಾದ್ರೂ ಅಂದ್ರೆ? ದುಡ್ಡೇ ಆಗ್ಬೇಕಾ?"

"ಏನಾದ್ರೂ ಅಂದ್ರೆ… ಏನಾದ್ರೂ ಆಗ್ಬೋದು ದೊಡ್ಡಮ್ಮ," ಅಂದ ಅವನು, ಮಾತು ಎತ್ತ ಹೋಗುತ್ತಿದೆ ಅಂತ ತಿಳಿಯದೆ.

ದೊಡ್ಡಮ್ಮ ನಡುಮನೆಯ ಮೂಲೆ ನೋಡಿದರು. ಅಲ್ಲಿ ಬೀದಿಯವರು ಕೊಟ್ಟ ಕಾಯಿಗಳ ರಾಶಿ. ನಾನೂ ನೋಡಿದೆ. ಏಜೆಂಟೂ ನೋಡಿದ, ಮರುಕ್ಷಣ ಅವನಿಗೆ ಅರ್ಥವಾಗಿ ಕೋಡುಬಳೆ ಗಂಟಲಲ್ಲಿ ಸಿಕ್ಕಿತು.

"ಅಯ್ಯೋ, ಕಾಯಿ ಕೊಡೋದೆಲ್ಲ ಬಾಡಿಗೆ ಆಯ್ತದಾ? ಪ್ರೀತಿಗ್ ಕೊಡೋದು ಬಿಡಿ!"

"ಪ್ರೀತಿಗಾಗಿದ್ರೆ ತಿಪಟೂರ್ಗೊಂದ್ ಲೆಕ್ಕ, ಅಮ್ಮಸಂದ್ರಕ್ಕೊಂದ್ ಲೆಕ್ಕ ಇರ್ತಿತ್ತೇನಪ್ಪ? ಲೆಕ್ಕ ಬಂದ್ಮೇಲೆ ಅದು ಬಾಡಿಗೆನೇಯ." ಕಾಗದವನ್ನು ಅವನ ಕಡೆ ತಳ್ಳಿ ಕೇಳಿದರು, "ಟ್ಯಾಕ್ಸಿ ಅಂತ ಬರ್ಸಿದ್ರೆ ಎಷ್ಟಾಯ್ತದೆ?"

ಅವನು ಹೇಳಿದ. ಹಳದಿ ಬೋರ್ಡು, ಪರ್ಮಿಟ್ಟು, ಅದರ ಪ್ರೀಮಿಯಂ… ಕೇಳಿಯೇ ನನಗೆ ತಲೆ ತಿರುಗಿತು.

"ಅಷ್ಟು ನನ್ ಕೈಲಾಗಲ್ಲ. ಬಿಳೀ ಬೋರ್ಡಿನ್ ರೇಟೇ ಕೊಡ್ತೀನಿ. ಆದ್ರೆ ಬಿಳೀ ಬೋರ್ಡಿನ್ ಹಂಗೇ ಇರ್ತೀನಿ. ಇವತ್ತಿಂದ ಕಾಯಿ ತಗಳಲ್ಲ."

ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವರು ಆ ರಾಶಿಯನ್ನು ಮಂಕರಿಗೆ ತುಂಬಿಕೊಂಡು, ಹಿಂದಿನ ವಾರ ಯಾರು ಯಾರು ಕಾರಿನಲ್ಲಿ ಕೂತಿದ್ದರೋ ಅವರ ಮನೆಗೆಲ್ಲ ಹೋಗಿ ಕಾಯಿ ವಾಪಸ್ ಕೊಟ್ಟು ಬಂದರು! ಕಾಯಿಸೀಮೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟ ಕಾಯಿಯನ್ನು ಬಾಗಿಲಿಗೆ ತಂದು ಹಿಂತಿರುಗಿಸುವುದು ಅಂದರೆ ನಿಮ್ಮ ಮನೆಯ ಸಂಬಂಧ ಬೇಡ ಅಂದ ಹಾಗೆ. ಬೀದಿಗೆ ಬೀದಿಯೇ ಮುಖ ಗಂಟು ಹಾಕಿಕೊಂಡಿತು. ಇನ್ಸೂರೆನ್ಸ್ ಅಂತ ಇವರು ಎಷ್ಟು ಹೇಳಿದರೂ ಅದು ಯಾರ ತಲೆಗೂ ಹೋಗಲಿಲ್ಲ. ಕಾಯಿಗೂ ಇನ್ಸೂರೆನ್ಸಿಗೂ ಎಲ್ಲಿಯ ಸಂಬಂಧ?

ಎಲ್ಲರಿಗಿಂತ ಕೆರಳಿದವಳು ಮೂಲೆಮನೆ ಅಜ್ಜಿ. "ನನ್ ಕಾಯಿ ಏನ್ ಕೊಳ್ತಿತ್ತಾ?" ಅಂತ ಬಾಗಿಲಲ್ಲೇ ಕೂಗಾಡಿ, ದೊಡ್ಡಮ್ಮನ ಜೊತೆ ಮಾತು ಬಿಟ್ಟಳು. ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಳ್ಳುವಳು. ನಾನೇ ದೊಡ್ಡಮ್ಮನಿಗೆ ಹೇಳಿದೆ, ಹಿರಿಯಳ ಕಾಯಿ ಒಂದು ಇಸಿದುಕೊಂಡರೆ ಏನು ಗಂಟು ಹೋಗುತ್ತದೆ ಅಂತ. "ಒಂದ್ ಕಾಯಿ ತಗಂಡ್ರೆ ಎಲ್ಲಾರ್ದೂ ತಗಬೇಕು ಕಣೇ. ನನ್ ಗಾಡಿ ಹೋದ್ರೆ ನಿಮ್ ದೊಡ್ಡಪ್ಪ ಮತ್ತೆ ಗೋಡೆ ನೋಡ್ತಾ ಕೂರ್ತಾರೆ," ಅಂದರು. ಆಗ ಅದು ಅತಿಯಾಯಿತು ಅನಿಸಿತ್ತು. ಕಾಯಿ ಮುಟ್ಟುವುದಿಲ್ಲವಲ್ಲ ಅಂತ ಬೀದಿಯವರು ಇವರನ್ನು ಕಾರಿಗೆ ಕರೆಯುವುದನ್ನೇ ನಿಲ್ಲಿಸಿದರು. ದೊಡ್ಡಮ್ಮನಿಗೆ ಅದು ನೋವಾಯಿತು, ನನಗೆ ಗೊತ್ತು. ಸಂಜೆ ಹೊತ್ತು ಜಗಲಿಯಲ್ಲಿ ಕೂತು ಬೀದಿ ನೋಡುತ್ತಿದ್ದವರು, ಒಳಗೇ ಇರಲು ಶುರು ಮಾಡಿದರು. ಕಷ್ಟ ಅಂತ ಬಂದವರನ್ನು ಮಾತ್ರ ಯಾವತ್ತೂ ಇಲ್ಲ ಅನ್ನದೆ ಕರೆದುಕೊಂಡು ಹೋಗುತ್ತಿದ್ದರು, ಬರಿಗೈಯಲ್ಲಿ.

ಹೀಗೇ ಒಂದೆರಡು ವರ್ಷ ಹೋಯಿತು. ಒಂದು ಬೆಳಿಗ್ಗೆ ಮೂಲೆಮನೆ ಅಜ್ಜಿಯ ಕಣ್ಣು ಕೆಂಡದ ಹಾಗೆ ಕೆಂಪಾಗಿ ನೀರು ಸುರಿಯಲು ಶುರುವಾಯಿತು. ಅಜ್ಜಿಯ ಮಗ ಊರಲ್ಲಿರಲಿಲ್ಲ. ಬಸ್ಸಿನಲ್ಲಿ ಹೋಗುತ್ತೇನೆ ಅಂತ ಹಟ ಹಿಡಿದವಳನ್ನು ನಾನೇ ಬೈದು ದೊಡ್ಡಮ್ಮನ ಕಾರಿನ ಹಿಂದಿನ ಸೀಟಿಗೆ ಹತ್ತಿಸಿ, ಪಕ್ಕ ಕೂತೆ. ಅಜ್ಜಿ ಹತ್ತುವಾಗ ಸೆರಗಿನಿಂದ ಒಂದು ಕಾಯಿ ತೆಗೆದು ಮುಂದಿನ ಸೀಟಿನ ಮೇಲಿಟ್ಟಳು. ದೊಡ್ಡಮ್ಮ ಅದನ್ನು ಎತ್ತಿ ಹಿಂದಕ್ಕೆ ತಿರುಗಿ ಅಜ್ಜಿಯ ಮಡಿಲಲ್ಲಿಟ್ಟರು. ಅಜ್ಜಿ ಕಿಟಕಿ ಕಡೆ ಮುಖ ಮಾಡಿದಳು. ತಿಪಟೂರಿನವರೆಗೂ ಕಾರಿನಲ್ಲಿ ಉಸಿರಾಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ವಾಪಸ್ ಬರುವಾಗಲೂ ಅಷ್ಟೇ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಮಡಿಲಲ್ಲಿ ಆ ಕಾಯಿ ಹಿಡಿದುಕೊಂಡು ಅಜ್ಜಿ ಕೂತಿದ್ದಳು.

ಕೆರೆ ಏರಿ ಇಳಿಯುವ ಕಡೆ ಒಂದು ಕರು ಅಡ್ಡ ನುಗ್ಗಿತು. ದೊಡ್ಡಮ್ಮ ಕರುವನ್ನು ತಪ್ಪಿಸಲು ಎಡಕ್ಕೆ ಎಳೆದರು, ಕಾರು ಮೋರಿಯ ಕಟ್ಟೆಗೆ ಹೋಗಿ ಬಡಿಯಿತು. ಆ ಸದ್ದು ಈಗಲೂ… ಬೇಡ ಬಿಡಿ. ಎಲ್ಲರಿಗೂ ಬೆಲ್ಟ್ ಹಾಕಿಸದೆ ಗಾಡಿ ಎಬ್ಬಿಸುವವರೇ ಅಲ್ಲ ದೊಡ್ಡಮ್ಮ, ಹಾಗಾಗಿ ಮೂವರೂ ಉಳಿದೆವು. ನನ್ನ ಹಣೆಯಲ್ಲಿ ಒಂದು ಗಾಯ, ದೊಡ್ಡಮ್ಮನ ಮಣಿಕಟ್ಟು ಉಳುಕಿತ್ತು. ಕಾರಿನ ಮುಂಭಾಗ ಮಾತ್ರ ಚಿಂದಿ. ಬಾಗಿಲು ತೆರೆದುಕೊಂಡು ಅಜ್ಜಿಯ ಕಾಯಿ ರಸ್ತೆಗೆ ಉರುಳಿತ್ತು. ಸುತ್ತ ಸೇರಿದ ಜನ ಮೊಬೈಲಿನಲ್ಲಿ ಫೋಟೋ ಹೊಡೆದರು. ಕರು ಅಷ್ಟು ದೂರದಲ್ಲಿ ಹುಲ್ಲು ಮೇಯುತ್ತಿತ್ತು.

ರಿಪೇರಿ ಖರ್ಚು ಎಷ್ಟು ಅಂತ ಕೇಳಿದಾಗ ದೊಡ್ಡಮ್ಮ ಜಗಲಿಯ ಮೇಲೆ ಕೂತುಬಿಟ್ಟರು. ಕಂಪನಿ ಕೊಟ್ಟರೆ ಕಾರು ಉಂಟು, ಕೊಡದಿದ್ದರೆ ಗುಜರಿಗೇ. ಅಷ್ಟೊತ್ತಿಗೆ ದೊಡ್ಡಪ್ಪ ಮತ್ತೆ ಗೋಡೆ ಕಡೆ ತಿರುಗಿ ಕೂತಾಗಿತ್ತು. ಎರಡನೇ ದಿನವೇ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯಿತು.

ಕಂಪನಿಯಿಂದ ಸರ್ವೇಯರ್ ಬರುತ್ತಾರೆ, ಬಾಡಿಗೆಗೆ ಓಡಿಸುತ್ತಿದ್ದರಾ ಅಂತ ಬೀದಿಯಲ್ಲಿ ವಿಚಾರಿಸುತ್ತಾರೆ ಅಂತ ಏಜೆಂಟ್ ಬಂದು ಹೇಳಿ ಹೋದ. ಆ ಸಂಜೆ ಮಾತು ಬಿಟ್ಟಿದ್ದ ಬೀದಿಯೆಲ್ಲ ದೊಡ್ಡಮ್ಮನ ಜಗಲಿಯ ಮುಂದೆ ಸೇರಿತು. ಕೋಪ ಏನೇ ಇರಲಿ, ಕಷ್ಟಕ್ಕೆ ಬಾರದವರಲ್ಲ ನಮ್ಮವರು. ಎಲ್ಲರೂ ಸೇರಿ ಒಂದು ಉಪಾಯ ಮಾಡಿದ್ದರು: ನಾವೆಲ್ಲ ಇವರ ಸ್ವಂತ ನೆಂಟರು, ಈ ಅಜ್ಜಿ ದೊಡ್ಡಮ್ಮನ ಸೋದರತ್ತೆ, ಇವಳು ಸೊಸೆ ಅಂತ ಹೇಳಿಬಿಡೋಣ. ನನ್ನನ್ನು ಸೊಸೆ ಮಾಡಿದ್ದರು! ನನಗೂ ಅದೇ ಸರಿ ಅನಿಸಿತ್ತು. ದೊಡ್ಡಪ್ಪನ ಮುಖ ನೋಡಿದವರಿಗೆ ಯಾರಿಗಾದರೂ ಸರಿ ಅನಿಸುತ್ತಿತ್ತು.

ದೊಡ್ಡಮ್ಮ ಕೈಗೆ ಪಟ್ಟಿ ಸುತ್ತಿಕೊಂಡು ಹೊರಗೆ ಬಂದರು. "ಯಾರೂ ಸುಳ್ಳು ಹೇಳ್ಬ್ಯಾಡಿ ಕಣ್ರೀ. ನಿಮ್ ಕಾಲಿಗ್ ಬೀಳ್ತೀನಿ. ಇದ್ದದ್ ಇದ್ದಂಗೆ ಹೇಳಿ. ನನ್ ಬೈಬೇಕು ಅನ್ಸಿದ್ರೆ ಬೈರಿ. ಇಷ್ಟ್ ವರ್ಷ ಆ ಕಾಗದಕ್ಕೆ ನಾನೊಂದ್ ಸುಳ್ಳು ಕೊಟ್ಟಿಲ್ಲ, ಕೊನೇಗ್ ಬಂದು ನೀವ್ ಕೊಡ್ಬ್ಯಾಡಿ."

ಜನ ಗೊಣಗಿಕೊಂಡು ಹೋದರು. ನನಗೆ ನಿದ್ದೆ ಹತ್ತಲಿಲ್ಲ, ಕೋಪಕ್ಕೆ. ಸತ್ಯ ಹೇಳಿ ಕಾರು ಕಳೆದುಕೊಂಡರೆ ಈ ಹೆಂಗಸಿಗೆ ಏನು ಬಂತು?

ಮರುದಿನ ಬೆಳಿಗ್ಗೆ ಸರ್ವೇಯರ್ ಬಂದರು. ಕನ್ನಡಕ ಹಾಕಿಕೊಂಡ, ಸಾವಧಾನದ ಮನುಷ್ಯ. ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಜಜ್ಜಿಹೋದ ಕಾರು, ಮುಂದೆ ರಸ್ತೆಯ ಮೇಲೆ ಒಂದು ಕಾಯಿ.

"ಈ ಕಡೆ ಕಾಯಿ ಇಸ್ಕೊಂಡು ಗಾಡಿ ಓಡಿಸ್ತಾರೆ ಅಂತ ಕೇಳಿದೀನಮ್ಮ. ನೀವೂ ಹಂಗೇನಾ?"

ನಾನು ದೊಡ್ಡಮ್ಮನ ಸೆರಗು ಜಗ್ಗಿದೆ. ಇಲ್ಲ ಅಂದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ.

"ಮುಂಚೆ ಇಸ್ಕತಿದ್ದೆ ಸಾರ್," ಅಂದರು ದೊಡ್ಡಮ್ಮ. "ತಪ್ಪು ಅಂತ ಗೊತ್ತಾದ್ ದಿನದಿಂದ ಬಿಟ್ಟೆ. ಈಗ ಒಂದೂ ಮುಟ್ಟಲ್ಲ."

ನಾನು ಜಗ್ಗಿದ್ದ ಸೆರಗನ್ನು ಬಿಟ್ಟುಬಿಟ್ಟೆ. ಸರ್ವೇಯರ್ ಅವರನ್ನೇ ನೋಡಿದರು. "ಬಿಟ್ಟೆ ಅಂತ ನೀವ್ ಹೇಳ್ತೀರ. ಹಂಗಾದ್ರೆ ಈ ಕಾಯಿ ಯಾರದ್ದು?"

"ನಂದು!"

ಬೀದಿಗೆಲ್ಲ ಕೇಳುವ ಹಾಗೆ ಕೂಗಿದವಳು ಮೂಲೆಮನೆ ಅಜ್ಜಿ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಲ್ಲಿ ಕಿಡಿ. ಎಷ್ಟು ಹೊತ್ತಿಂದ ಗೇಟಿನ ಹತ್ತಿರ ನಿಂತಿದ್ದಳೋ. ಸೀದಾ ಬಂದು ಸರ್ವೇಯರ್ ಮುಂದೆ ನಿಂತಳು.

"ನಂದು ಕಣಪ್ಪ ಆ ಕಾಯಿ! ನೀನೇ ನ್ಯಾಯ ಹೇಳು. ಒಳ್ಳೆ ಕಾಯಿ ನೋಡಿ ಆರಿಸ್ಕಂಡ್ ತಗಂಡ್ ಹೋಗಿದ್ದೆ. ಮುಟ್ಲಿಲ್ಲ ಇವ್ಳು! ಎತ್ತಿ ನನ್ ಮಡ್ಲಿಗೆ ಬಿಸಾಕಿದ್ಲು. ವರ್ಸ ವರ್ಸದಿಂದ ಹಿಂಗೇ ಆಡ್ತಾವ್ಳೆ. ಯಾರ್ ಮನೇದೂ ಮುಟ್ಟಲ್ಲ, ಬೇಕಾದ್ರೆ ಕೇಳು ಹೋಗು. ಕೊಟ್ಟಿದ್ದನ್ನ ಬಾಗ್ಲಿಗ್ ತಂದು ವಾಪಸ್ ಕೊಟ್ಟು ಅವಮಾನ ಮಾಡೋಳು. ಇಂಥೋಳ್ಗೆ ಇನ್ಸೂರೆನ್ಸ್ ಬೇರೆ ಕೇಡು!"

ಅಲ್ಲಿಂದ ಶುರುವಾಯಿತು ನೋಡಿ. ಅಜ್ಜಿ ಬಾಯಿ ತೆಗೆದದ್ದೇ, ಅಕ್ಕಪಕ್ಕದ ಬಾಗಿಲುಗಳಿಂದ ಒಬ್ಬೊಬ್ಬರೇ ಹೊರಗೆ ಬಂದರು. ನಮ್ಮ ಮನೇದೂ ತಗಳಲಿಲ್ಲ, ಮಗಳ ಸೀಮಂತದ ಕಾಯಿ ವಾಪಸ್ ಕೊಟ್ಟರು, ನಮ್ಮತ್ತೆ ಸತ್ತಾಗ ಆಸ್ಪತ್ರೆಗೆಲ್ಲ ಓಡಾಡಿದರು, ಒಂದು ಎಳನೀರೂ ಕುಡಿಯಲಿಲ್ಲ… ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಆ ಮನುಷ್ಯನ ಮುಂದೆ ಸುರಿದರು. ಯಾರೂ ಒಂದು ಸುಳ್ಳು ಹೇಳಲಿಲ್ಲ. ದೊಡ್ಡಮ್ಮ ತಲೆ ತಗ್ಗಿಸಿಕೊಂಡು ಅಷ್ಟೂ ಬೈಗುಳ ಕೇಳಿಸಿಕೊಂಡರು. ಬೀದಿಯೊಂದು ಬಾಯಿ ತುಂಬ ಬೈದು ಒಬ್ಬರನ್ನು ಕಾಯುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮತ್ತೆ ನೋಡಿಲ್ಲ.

ಸರ್ವೇಯರ್ ಕನ್ನಡಕ ತೆಗೆದು ಒರೆಸಿಕೊಂಡರು. ನಗುವನ್ನು ತಡೆದುಕೊಳ್ಳುತ್ತಿದ್ದರೋ ಇನ್ನೇನೋ. "ಆಯ್ತಜ್ಜಿ," ಅಂದರು, "ನೀವ್ ಹೇಳಿದ್ದನ್ನೆಲ್ಲ ಬರ್ಕೊಂಡೆ."

ಕ್ಲೇಮ್ ಪಾಸಾಯಿತು. ಮೊದಲು ಇಷ್ಟು ನನ್ನದು ಅಂತ ಬರೆಸಿದ್ದನ್ನು ದೊಡ್ಡಮ್ಮ ಕಟ್ಟಿದರು, ಮಿಕ್ಕದ್ದು ಕಂಪನಿಯದು. ಕಾರು ವಾಪಸ್ ಬಂದ ದಿನ ದೊಡ್ಡಪ್ಪ ನನ್ನ ಹೆಗಲು ಹಿಡಿದುಕೊಂಡು ಗೇಟಿನವರೆಗೆ ನಡೆದು, ಎಡಗೈಯನ್ನು ಬಾನೆಟ್ ಮೇಲೆ ಇಟ್ಟು ನಿಂತರು. ಏನೋ ಹೇಳಿದರು, ತೊದಲಿನಲ್ಲಿ ನನಗೆ ತಿಳಿಯಲಿಲ್ಲ. ದೊಡ್ಡಮ್ಮನಿಗೆ ತಿಳಿಯಿತು. "ಹೂಂ, ಹೋಗಣ ಬನ್ನಿ," ಅಂದರು. ಆ ಮಧ್ಯಾಹ್ನ ನಾನೂ ತೋಟಕ್ಕೆ ಹೋಗಿದ್ದೆ. ದೊಡ್ಡಪ್ಪ ಬಾವಿಕಟ್ಟೆಯ ಮೇಲೆ ಕೂತು ಮುದ್ದೆ ಉಣ್ಣುವುದನ್ನು, ದೊಡ್ಡಮ್ಮ ಬಿಸಿಲಲ್ಲಿ ನಿಲ್ಲಿಸಿದ ಕಾರಿಗೆ ಒರಗಿಕೊಂಡು ಅದನ್ನು ನೋಡುವುದನ್ನು ನೋಡುತ್ತಾ ನಿಂತಿದ್ದೆ. ಅಷ್ಟು ಕುಳ್ಳು ಹೆಂಗಸು ಅವತ್ತು ನನಗೆ ಆ ಮರಗಳಷ್ಟೇ ಎತ್ತರ ಕಂಡರು. ಇದನ್ನು ಅವರಿಗೆ ಹೇಳಿದ್ದರೆ ನಕ್ಕು ಬೆನ್ನಿಗೊಂದು ಗುದ್ದುತ್ತಿದ್ದರು. ಹೇಳಲಿಲ್ಲ…

ಮುಂದಿನ ವರ್ಷ ಏಜೆಂಟ್ ಬಂದು ಕೂರುವುದರೊಳಗೇ, "ಈ ಸಲ ನಂಗೆ ಬೋನಸ್ ಇಲ್ಲ, ಕ್ಲೇಮ್ ಆಗೈತೆ" ಅಂದರು. ಬೇರೆ ಕಂಪನಿಗೆ ಹೋಗಿ ಕ್ಲೇಮ್ ಆಗಿಲ್ಲ ಅಂತ ಹೇಳುವವರೂ ಇದ್ದಾರೆ, ಈಗೆಲ್ಲ ಕಂಪ್ಯೂಟರಿನಲ್ಲಿ ಸಿಕ್ಕಿಬೀಳುತ್ತಾರೆ ಅಂತ ಅವನು ಹೇಳಿದ. "ಸಿಕ್ಲಿ ಬಿಡ್ಲಿ, ಆಗಿದ್ದು ಆಗೈತಲ್ಲ" ಅಂದರು ದೊಡ್ಡಮ್ಮ. ಬೇರೆ ಕಂಪನಿಗಳ ರೇಟು ಮಾತ್ರ ಬಿಡದೆ ತರಿಸಿದರು. ಮೂರು ಕಡೆಗೂ ಒಂದೇ ನಿಜ ಹೇಳಿ, ಹಳೆಯ ಗಾಡಿಗೆ ಬೇಡದ್ದನ್ನೆಲ್ಲ ತೆಗೆಸಿ, ಕಡಿಮೆ ಇದ್ದ ಕಡೆ ಕಟ್ಟಿದರು. ಮತ್ತೆ ಬಿಸಿಲಲ್ಲಿ ಕಾರು ನಿಲ್ಲಿಸುತ್ತಾ ಮೊದಲಿಂದ ಬೋನಸ್ ಗಳಿಸಲು ಹೊರಟರು. ಮೂಲೆಮನೆ ಅಜ್ಜಿ ಮಾತಾಡಲು ಶುರು ಮಾಡಿದ್ದಳು, ಬೈಯುವುದಕ್ಕಾದರೂ. ಹಾಗೆ ಕಾರು ಹತ್ತಿದಾಗಲೆಲ್ಲ ಒಂದು ಕಾಯಿ ಮುಂದೆ ಚಾಚುವಳು, ದೊಡ್ಡಮ್ಮ ಅದನ್ನು ಹಿಂದಕ್ಕೆ ತಳ್ಳುವರು. ಅದು ಅವರಿಬ್ಬರ ಆಟವಾಗಿಹೋಯಿತು.

ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ದೊಡ್ಡಪ್ಪ ತೀರಿಹೋದ ಮೇಲೆ ತೋಟದ ದಾರಿಯಲ್ಲಿ ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ ತಾವು ಪಕ್ಕದಲ್ಲಿ, ದೊಡ್ಡಪ್ಪ ಕೂರುತ್ತಿದ್ದ ಜಾಗದಲ್ಲಿ ಕೂರುತ್ತಿದ್ದರು. ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ದೊಡ್ಡಮ್ಮ ಏಳಲಿಲ್ಲ. ಅಷ್ಟೇ… ಒಂದು ದಿನ ಕಾಯಿಲೆ ಅಂತ ಮಲಗಿದವರಲ್ಲ. ತಿಪಟೂರಿನಲ್ಲಿರುವ ಅವರ ಮಗಳು ಮನೆ ಖಾಲಿ ಮಾಡುವಾಗ ಕಾರನ್ನು ನನಗೇ ಮಾರಿದಳು. ಹೆಸರು ಬದಲಾಯಿಸುವಾಗ, ದೊಡ್ಡಮ್ಮ ಮತ್ತೆ ಅಷ್ಟು ಕಷ್ಟಪಟ್ಟು ಏರಿಸಿದ್ದ ಬೋನಸ್ ಏನಾಗುತ್ತದೆ ಅಂತ ಅದೇ ಏಜೆಂಟನ್ನು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

"ಅದು ನಿಮಗ್ ಬರಲ್ಲ ಅಕ್ಕ. ಅದು ಅವರದ್ದು," ಅಂದ. ನಾನು ಕಾಫಿ ತಂದಿಟ್ಟರೆ ಲೋಟದ ಪಕ್ಕದ ಖಾಲಿ ಜಾಗವನ್ನೇ ನೋಡಿದ. ಅವರ ಮನೆಯ ಕೋಡುಬಳೆ ಅವನಿಗೂ ನೆನಪಾಗಿರಬೇಕು.

ಹೋದ ವಾರ ಆ ಕಾಯಿಯನ್ನು ಡಿಕ್ಕಿಯಿಂದ ತೆಗೆದುಕೊಂಡು ಬಟ್ಟೆ ಅಂಗಡಿಗೆ ಹೋಗುವುದನ್ನು ಬಿಟ್ಟು ಸೀದಾ ಮೂಲೆಮನೆಗೆ ನಡೆದೆ. ಅಜ್ಜಿ ಬಾಗಿಲು ತೆಗೆದು ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ಇಸಿದುಕೊಂಡು, ಅದರ ಜುಟ್ಟು ಸವರುತ್ತಾ ನಿಂತಳು.

"ನೀನೂ ಶುರು ಮಾಡ್ಕಂಡ್ಯಾ?" ಅಂದಳು. "ಕೊನೇವರ್ಗೂ ನನ್ದೊಂದ್ ಕಾಯಿ ತಗಳ್ಲಿಲ್ಲ ಕಣೇ ಅವ್ಳು…"

ನನಗೂ ತಡೆಯಲಾಗಲಿಲ್ಲ. ಹೊಸ್ತಿಲಿನ ಆ ಕಡೆ ಅವಳು, ಈ ಕಡೆ ನಾನು, ಇಬ್ಬರೂ ಅತ್ತೆವು. ಆಮೇಲೆ ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, "ಸಂಜೆ ಬಾ. ಇದನ್ನೇ ತುರಿದು ಒಬ್ಬಟ್ಟು ಮಾಡ್ತೀನಿ, ಕೂತು ತಿಂದು ಹೋಗು. ನಮ್ಮನೇಲಿ ಕೂತು ತಿಂದ್ರೆ ಅದೂ ಬಾಡಿಗೆ ಆಯ್ತದಾ?" ಅಂದಳು.

ಇಲ್ಲ ಅನ್ನಲು ಬಾಯಿ ತೆಗೆದೆ. ಆದರೆ ಖಾತ್ರಿಯಾಗಲಿಲ್ಲ. "ಇರು ಅಜ್ಜಿ, ದೊಡ್ಡಮ್ಮನ್ನ ಕೇಳ್ಕಂಡು ಹೇಳ್ತೀನಿ," ಅಂದು ಅವರ ಮನೆ ಕಡೆ ತಿರುಗಿಯೂಬಿಟ್ಟೆ.

ಬಾಗಿಲಿಗೆ ಬೀಗ ಹಾಕಿತ್ತು.